ಟ್ಯಾಂಕಿನೊಳಗಿನ ಬೂಷ್ಟು: ಡೀಸೆಲ್ ಗಾಡಿಗೆ ಲೋಳೆ ಕಟ್ಟಿದಾಗ ಏನು ಮಾಡಬೇಕು

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮನೆಯ ಜೀಪನ್ನು ಶೆಡ್ಡಿನಿಂದ ಹೊರಗೆ ತೆಗೆದೆ. ಜೂನ್‌ನಲ್ಲಿ ನಿಲ್ಲಿಸಿದ್ದು, ಅರ್ಧ ಟ್ಯಾಂಕ್ ಡೀಸೆಲ್ ಇತ್ತು. ಬ್ಯಾಟರಿ ಚಾರ್ಜ್ ಮಾಡಿದ ಮೇಲೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಆದರೆ ಡಾಂಬರು ರಸ್ತೆಗೆ ಹತ್ತುವ ಏರಿನಲ್ಲಿ ದಮ್ಮು ಕಟ್ಟಿದವರ ಹಾಗೆ ಕೆಮ್ಮಿ ನಿಂತೇ ಬಿಟ್ಟಿತು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಅರ್ಧ ಕಿಲೋಮೀಟರ್ ಹೋದರೆ ಮತ್ತೆ ಅದೇ ಕತೆ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ ಎಂದುಕೊಂಡು ಬ್ಲೀಡ್ ಮಾಡಿದೆ, ಅಂದರೆ ಆ ಗಾಳಿಯನ್ನು ಹೊರಗೆ ಬಿಟ್ಟೆ, ಫಿಲ್ಟರ್ ಬದಲಿಸಿದೆ. ಹೊಸ ಫಿಲ್ಟರ್ 200 ಕಿಲೋಮೀಟರಿಗೇ ಜಾಮ್. ಅದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಬಿಡಿಸಿ ನೋಡಿದಾಗ ಕಾಗದದ ಮಡಿಕೆಗಳ ತುಂಬ ಕಾಫಿ ಚರಟದ ಬಣ್ಣದ ಲೋಳೆ ಮೆತ್ತಿಕೊಂಡಿತ್ತು. ಬೆರಳಿನಲ್ಲಿ ತಿಕ್ಕಿದರೆ ಜಾರುತ್ತಿತ್ತು, ತುಂಬ ದಿನ ತೊಳೆಯದ ಹಂಡೆಯ ತಳದ ಹಾಗೆ.

ಆಮೇಲಿನ ಒಂದು ತಿಂಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅರ್ಧ ತಪ್ಪು. ತಪ್ಪಿದ್ದು ಹೆಚ್ಚಾಗಿ ಕ್ರಮದಲ್ಲಿ. ಮೊದಲು ನೀರು ತೆಗೆಯಬೇಕು, ಆಮೇಲೆ ಲೋಳೆ, ಕೊನೆಗೆ ಬೂಷ್ಟು ಕೊಲ್ಲುವ ಮದ್ದು. ನಾನು ಮದ್ದಿನಿಂದ ಶುರು ಮಾಡಿ ಎರಡು ಫಿಲ್ಟರ್ ಕಳೆದೆ.

ಇದು ಪಾಚಿಯಲ್ಲ

ಗ್ಯಾರೇಜುಗಳಲ್ಲಿ ಇದನ್ನು ಪಾಚಿ ಅನ್ನುತ್ತಾರೆ. ಪಾಚಿಗೆ ಬಿಸಿಲು ಬೇಕು; ಟ್ಯಾಂಕಿನೊಳಗೆ ಕಗ್ಗತ್ತಲೆ. ಅಲ್ಲಿ ಬೆಳೆಯುವುದು ಬೂಷ್ಟು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ, ಮೂರೂ ಸೇರಿದ ಒಂದು ಕೂಡುಕುಟುಂಬ. ಇದರಲ್ಲಿ ಹೆಸರು ಮಾಡಿದ್ದು ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರ. ವಿಮಾನದವರಿಗೆ ಇದು ಹಳೆಯ ಪರಿಚಯ: 1950ರ ದಶಕದ ಕೊನೆ, 60ರ ದಶಕದ ಆರಂಭದಲ್ಲಿ ಜೆಟ್ ವಿಮಾನಗಳ ರೆಕ್ಕೆಯೊಳಗಿನ ಟ್ಯಾಂಕುಗಳಲ್ಲಿ ಇದೇ ಬೂಷ್ಟು ಕಟ್ಟಿ ಫಿಲ್ಟರ್ ಮುಚ್ಚಿಸಿತ್ತು, ಅಲ್ಯೂಮಿನಿಯಂ ತಿಂದಿತ್ತು. ಅದಕ್ಕೇ, ಬಿಎಸ್-6 (ಹೊಗೆ ಕಡಿಮೆ ಮಾಡುವ ಭಾರತ್ ಸ್ಟೇಜ್ ನಿಯಮ) ಬಂದು ಡೀಸೆಲ್‌ನ ಗಂಧಕ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 10 ಪಾಲಿಗೆ, ಇಳಿದದ್ದೇ ಇದಕ್ಕೆಲ್ಲ ಕಾರಣ ಎಂದು ಯಾರಾದರೂ ವಾದಿಸಿದರೆ ನಾನು ಪೂರ್ತಿ ಒಪ್ಪುವುದಿಲ್ಲ. ಗಂಧಕ ಇಳಿಸುವ ಮಾತೇ ಇಲ್ಲದ ಕಾಲದಲ್ಲೂ ಬೂಷ್ಟು ಇತ್ತು.

ಇವಕ್ಕೆ ಡೀಸೆಲ್ಲೇ ಊಟ, ನೀರೇ ಮನೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಎರಡೂ ಕೂಡುವ ಗೆರೆಯಲ್ಲಿ ಜೀವಿಗಳು ಕೂತು, ಮೇಲಿನಿಂದ ತಿಂದು ಕೆಳಗಿನಿಂದ ಕುಡಿಯುತ್ತವೆ. 25ರಿಂದ 35 ಡಿಗ್ರಿ ಸೆಲ್ಸಿಯಸ್ ಅಂದರೆ ಅವಕ್ಕೆ ಹಬ್ಬ. ನಮ್ಮ ಕರಾವಳಿಯ ಮಳೆಗಾಲದ ಹಗಲು ಹೆಚ್ಚುಕಡಿಮೆ ಅಷ್ಟರಲ್ಲೇ ಆಡುತ್ತಿರುತ್ತದೆ. ಇನ್ನೊಂದು ಕಿತಾಪತಿ ಎಂದರೆ, ಡೀಸೆಲ್ ತಿಂದು ಜೀರ್ಣಿಸುವಾಗ ಇವು ತಾವೇ ಒಂದಿಷ್ಟು ನೀರು ಹುಟ್ಟಿಸುತ್ತವೆ. ಜೊತೆಗೆ ಆಮ್ಲವನ್ನೂ ಬಿಡುತ್ತವೆ, ಅದು ಕಬ್ಬಿಣದ ಟ್ಯಾಂಕನ್ನು ತಳದಿಂದ ಕೊರೆಯುತ್ತದೆ.

ಎಷ್ಟು ನೀರು ಸಾಕು? ಬಿಎಸ್-6 ಡೀಸೆಲ್‌ನಲ್ಲಿ ಒಂದು ಕಿಲೋಗೆ 200 ಮಿಲಿಗ್ರಾಂವರೆಗೆ ನೀರಿರಬಹುದು. 50 ಲೀಟರ್ ಟ್ಯಾಂಕಿನ ಡೀಸೆಲ್ ಸುಮಾರು 41 ಕಿಲೋ ತೂಗುತ್ತದೆ. ಲೆಕ್ಕ ಹಾಕಿದರೆ 8 ಗ್ರಾಂ, ಒಂದೂವರೆ ಟೀ ಚಮಚ. ಡೀಸೆಲ್ ಬೆಚ್ಚಗಿರುವಾಗ ಕರಗಿಕೊಂಡಿರುವ ನೀರು ರಾತ್ರಿ ತಣ್ಣಗಾದಾಗ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತದೆ. ತಳದಲ್ಲಿ ತೆಳ್ಳನೆಯ ಒಂದು ಪದರ ನಿಂತರೂ ಇವುಗಳ ಸಂಸಾರಕ್ಕೆ ಧಾರಾಳವಾಯಿತು. ಬಯೋಡೀಸೆಲ್ ಬೆರೆಸಿದ್ದಾದರೆ ಇನ್ನೂ ಬೇಗ, ಏಕೆಂದರೆ ಅದು ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಇವುಗಳಿಗೆ ಅದು ಸುಲಭದ ತುತ್ತು. ಹೊಂಗೆ ಎಣ್ಣೆಯ ಬಯೋಡೀಸೆಲ್ ಬಗ್ಗೆ ನನಗೆ ಅಭಿಮಾನವಿದೆ, ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದ ಕೆಲಸದ ಮೇಲೂ ಇದೆ. ಆದರೆ ಅದನ್ನು ಹಾಕಿದ ಗಾಡಿಯನ್ನು ನಾಲ್ಕು ತಿಂಗಳು ನಿಲ್ಲಿಸಬೇಡಿ. ಹಾಕಿದ್ದನ್ನು ಓಡಿಸಿ ಖಾಲಿ ಮಾಡಿ.

ಮೊದಲು ಸೀಸೆ ಪರೀಕ್ಷೆ

ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ನಿಂತು ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಆಗುತ್ತದೆ, ಫಿಲ್ಟರ್ ಪದೇ ಪದೇ ಕಟ್ಟುತ್ತದೆ: ಈ ಮೂರೂ ಒಟ್ಟಿಗೆ ಕಂಡರೆ ಅನುಮಾನ ಪಡಿ. ನಿಂತು ಸ್ಟಾರ್ಟ್ ಆಗುವುದಕ್ಕೆ ಕಾರಣ ಸರಳ. ಪಂಪು ಎಳೆಯುವಾಗ ಲೋಳೆ ಬಂದು ಟ್ಯಾಂಕಿನೊಳಗಿನ ಜಾಲರಿಗೆ ಅಂಟಿಕೊಳ್ಳುತ್ತದೆ, ಎಳೆತ ನಿಂತ ಮೇಲೆ ಕಳಚಿ ಬೀಳುತ್ತದೆ. ಆದರೆ ಅನುಮಾನದ ಮೇಲೆ ಟ್ಯಾಂಕ್ ಇಳಿಸಬೇಡಿ.

ಗಾಡಿಯನ್ನು ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ಅಲುಗಾಡಿಸದೆ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ತಳದ ಡ್ರೈನ್ ಬೋಲ್ಟಿನಿಂದ, ಅದಿಲ್ಲದಿದ್ದರೆ ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪಿನಿಂದ, ಕಾಲು ಲೀಟರನ್ನು ಬಿಳಿ ಗಾಜಿನ ಉಪ್ಪಿನಕಾಯಿ ಜಾಡಿಗೆ ಹಿಡಿಯಿರಿ. ಫಿಲ್ಟರ್ ತಿರುಪಿನಿಂದ ತಾನಾಗಿ ಇಳಿಯದಿದ್ದರೆ ಪ್ರೈಮರ್ ಪಂಪನ್ನು (ಡೀಸೆಲ್ ಎಳೆಯಲು ಕೈಯಲ್ಲಿ ಒತ್ತುವ ಪುಟ್ಟ ಪಂಪು) ನಾಲ್ಕು ಸಲ ಒತ್ತಿದರೆ ಬರುತ್ತದೆ. ಜಾಡಿಯನ್ನು ಕಿಟಕಿಯ ಬಳಿ ಒಂದು ದಿನ ಇಡಿ. ಚೆನ್ನಾಗಿರುವ ಡೀಸೆಲ್ ತಿಳಿಯಾಗಿಯೇ ಇರುತ್ತದೆ. ನನ್ನ ಜಾಡಿಯಲ್ಲಿ ತಳದಲ್ಲಿ ಎರಡು ಬೆರಳು ಕದಡಿದ ನೀರು, ಮೇಲೆ ಮಂಕು ಡೀಸೆಲ್, ಇವೆರಡರ ನಡುವೆ ಹಾಲಿನ ಕೆನೆಯಂಥ ಕಂದು ಪದರ. ಜಾಡಿ ಓರೆ ಮಾಡಿದರೆ ಆ ಕೆನೆ ಹರಿಯದೆ ಹಾಳೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆಯೂ ಬಂತು. ಅಷ್ಟಾದರೆ ಗಂಧಕದ ಲವಣ ತಿನ್ನುವ ಬ್ಯಾಕ್ಟೀರಿಯಾಗಳೂ ಸೇರಿಕೊಂಡಿವೆ ಎಂದು ಲೆಕ್ಕ.

ಕಪ್ಪಗಿರುವುದೆಲ್ಲ ಬೂಷ್ಟಲ್ಲ. ಹಳೆಯ ಡೀಸೆಲ್ ಹಳಸಿ ಅಂಟು ಕಟ್ಟಿದ್ದರೆ ಅದು ಥಿನ್ನರಿನಲ್ಲಿ ಕರಗಿ ಬಣ್ಣ ಬಿಡುತ್ತದೆ. ಲೋಳೆ ಕರಗುವುದಿಲ್ಲ, ಚೂರು ಚೂರಾಗಿ ತೇಲುತ್ತದೆ. ತುಕ್ಕಿನ ಪುಡಿಯಾದರೆ ಅಯಸ್ಕಾಂತ ಹೇಳುತ್ತದೆ, ಪೂರ್ತಿ ಅಲ್ಲದಿದ್ದರೂ ಒಂದಿಷ್ಟು ಅಂಟುತ್ತದೆ. ಆದರೆ ಜಾಡಿಯಲ್ಲಿ ಜರಿಯ ಹಾಗೆ ಮಿರುಗುವ ಲೋಹದ ಪುಡಿ ಕಂಡರೆ ಈ ಲೇಖನ ಅಲ್ಲಿಗೇ ಬಿಡಿ. ಅದು ಹೈ ಪ್ರೆಶರ್ ಪಂಪು ಸವೆಯುತ್ತಿರುವ ಗುರುತು. ಗಾಡಿಯನ್ನು ಎಳೆಸಿಕೊಂಡೇ ವರ್ಕ್‌ಶಾಪಿಗೆ ಹೋಗಿ.

ಕೈ ಹಾಕುವ ಮುನ್ನ

ಡೀಸೆಲ್ ಪೆಟ್ರೋಲಿನ ಹಾಗೆ ಭಗ್ಗೆನ್ನುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇದೆ. ನಮ್ಮ ದೇಶದ ಮಾನದಂಡದಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಶಾಖ, ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಮಾರ್ಚ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಅಷ್ಟು ಶಾಖ ಇದ್ದೇ ಇರುತ್ತದೆ. ಬಯಲಿನಲ್ಲಿ, ಬೆಳಗಿನ ಹೊತ್ತಿನಲ್ಲಿ ಕೆಲಸ ಮಾಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೀಡಿ ಸೇದುವವರನ್ನು ಟೀ ತರಲು ಕಳಿಸಿ. ಪೈಪಿಗೆ ಬಾಯಿ ಹಾಕಿ ಡೀಸೆಲ್ ಎಳೆಯುವ ಚಟ ನಮ್ಮ ಊರುಗಳಲ್ಲಿ ಇನ್ನೂ ಇದೆ. ನೆತ್ತಿಗೆ ಹತ್ತಿ ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರೂ ಆಸ್ಪತ್ರೆಯೇ ಗತಿ. ಕೈಪಂಪು ಬಳಸಿ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಮದ್ದು ಹಾಕುವಾಗ ಕನ್ನಡಕವೂ ಬೇಕು.

ಕಾಮನ್ ರೈಲ್ ಎಂಜಿನ್ನಿದ್ದರೆ, ಅಂದರೆ ಒಂದೇ ದಪ್ಪ ಕೊಳವೆಯಿಂದ (ರೈಲ್) ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಈಗಿನ ಎಂಜಿನ್ನಾದರೆ, ಇನ್ನೊಂದು ಎಚ್ಚರ. ರೈಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನಲ್ಲಿ 1600 ಬಾರ್, ಕೆಲವದರಲ್ಲಿ 2000 ಬಾರ್ ಒತ್ತಡ. ಹಳೇ ಗಾಡಿಯ ಹಾಗೆ ಎಂಜಿನ್ ತಿರುಗುತ್ತಿರುವಾಗ ಅದರ ನಟ್ ಸಡಿಲಿಸಿ ಏರ್ ತೆಗೆಯಲು ಹೋದರೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಆ ಕಡೆಗೆ ನಮ್ಮ ಕೈ ಹೋಗಲೇಬಾರದು. ನಮ್ಮ ಕೆಲಸವೇನಿದ್ದರೂ ಟ್ಯಾಂಕಿನಿಂದ ಫಿಲ್ಟರಿನವರೆಗೆ.

ನೀರು ತೆಗೆಯುವುದು

ಜಾಡಿಯಲ್ಲಿ ನೀರು ಮಾತ್ರ ಕಂಡು, ಕೆನೆ ತೀರ ತೆಳುವಾಗಿದ್ದರೆ ನಿಮ್ಮ ಅದೃಷ್ಟ. ತಳದಿಂದ ತಿಳಿ ಡೀಸೆಲ್ ಬರುವವರೆಗೆ ಬಿಡುತ್ತಾ ಹೋಗಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಎರಡು ಮೂರು ದಿನ ಹೀಗೆ ಮಾಡಿದ ಮೇಲೆ ನೀರು ನಿಂತರೆ ಟ್ಯಾಂಕ್ ಇಳಿಸುವ ಗೋಜಿಲ್ಲ. ಹೊಸ ಫಿಲ್ಟರ್ ಹಾಕಿ, ಮದ್ದಿನ ಹಂತಕ್ಕೆ ಹೋಗಬಹುದು.

ಟ್ಯಾಂಕಿಗೆ ಡ್ರೈನ್ ಬೋಲ್ಟ್ ಇಲ್ಲದಿದ್ದರೆ ಗಾಡಿಯ ಒಂದು ಪಕ್ಕವನ್ನು ಸ್ವಲ್ಪ ಎತ್ತರಿಸಿ, ನೀರು ಒಂದು ಮೂಲೆಗೆ ಬರುವಂತೆ ಮಾಡಿ, ಕೈಪಂಪಿನ ಪೈಪನ್ನು ಆ ಮೂಲೆಗೆ ಮುಟ್ಟಿಸಿ ಎಳೆಯಬೇಕು. ಈಗಿನ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಒಳಗೆ ಅಡ್ಡಗೋಡೆ, ಬಟ್ಟಲು ಎಲ್ಲ ಇರುವುದರಿಂದ ಮುಚ್ಚಳದ ಕಡೆಯಿಂದ ಪೈಪು ತಳ ಮುಟ್ಟುವುದೇ ಇಲ್ಲ. ಸೀಟಿನ ಕೆಳಗೆ ಗೇಜಿನ ಮುಚ್ಚಳವಿದ್ದರೆ ಅದನ್ನು ಬಿಚ್ಚಿ ಅಲ್ಲಿಂದ ಇಳಿಸಿ.

ಲೋಳೆ ತೆಗೆಯುವುದು

ಕೆನೆ ದಪ್ಪಗಿದ್ದರೆ ಟ್ಯಾಂಕ್ ಇಳಿಸದೆ ಬೇರೆ ದಾರಿ ಇಲ್ಲ. ನಾನು ಇದನ್ನು ತಪ್ಪಿಸಿಕೊಳ್ಳಲು ನೋಡಿಯೇ ಕೆಟ್ಟದ್ದು. ಮದ್ದು ಸುರಿದೆ, ಬೂಷ್ಟು ಸತ್ತಿತು, ಸತ್ತದ್ದೆಲ್ಲ ಗೋಡೆಯಿಂದ ಚಕ್ಕೆ ಚಕ್ಕೆಯಾಗಿ ಕಳಚಿ ಬಂದು ಫಿಲ್ಟರಿಗೆ ಕೂತಿತು. ಬದುಕಿದ್ದಾಗ 200 ಕಿಲೋಮೀಟರಿಗೆ ಕಟ್ಟುತ್ತಿದ್ದ ಫಿಲ್ಟರ್ ಸತ್ತ ಮೇಲೆ 40ಕ್ಕೇ ಕಟ್ಟಿತು.

ಮೊದಲು ಡೀಸೆಲ್ ಪೂರ್ತಿ ಖಾಲಿ ಮಾಡಿ. 30 ಲೀಟರ್ ಅಂದರೇ 25 ಕಿಲೋ, ಟ್ಯಾಂಕಿನ ತೂಕ ಬೇರೆ. ಕಳಚುವಾಗ ಪ್ರತಿ ಪೈಪಿಗೂ ಒಂದೊಂದು ಬಣ್ಣದ ದಾರ ಕಟ್ಟಿ. ಎಂಜಿನ್ನಿಗೆ ಹೋಗುವ ಪೈಪು, ಎಂಜಿನ್ನಿನಿಂದ ವಾಪಸ್ ಬರುವ ಪೈಪು, ಗಾಳಿ ಆಡುವ ಪೈಪು, ಗೇಜಿನ ವೈರು. ವಾಪಸ್ ಬರುವ ಪೈಪನ್ನು ಬಹಳ ಜನ ಮರೆಯುತ್ತಾರೆ, ಅದರೊಳಗೂ ಲೋಳೆ ಇರುತ್ತದೆ.

ಕಬ್ಬಿಣದ ಟ್ಯಾಂಕಾದರೆ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕುಲುಕಿ. ಲೋಳೆ ಗಟ್ಟಿ ಹಿಡಿದಿದ್ದರೆ ಒಂದು ಮಾರು ಸಣ್ಣ ಸರಪಳಿಯನ್ನು ಒಳಗೆ ಬಿಟ್ಟು ಅಲ್ಲಾಡಿಸಿದರೆ ಕೆರೆದುಕೊಂಡು ಬರುತ್ತದೆ. ಸರಪಳಿಯ ಒಂದು ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟಿರಿ, ಇಲ್ಲದಿದ್ದರೆ ತೆಗೆಯುವಷ್ಟರಲ್ಲಿ ಸಂಜೆಯಾಗುತ್ತದೆ. ಪ್ಲಾಸ್ಟಿಕ್ ಟ್ಯಾಂಕಿಗೆ ಸರಪಳಿ ಬೇಡ, ಉದ್ದ ಹಿಡಿಯ ಮೆತ್ತನೆ ಬ್ರಷ್ ಸಾಕು. ನಾಲ್ಕೈದು ಸಲ ತೊಳೆದು, ಕೊನೆಯ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವವರೆಗೆ ಬಿಡಬೇಡಿ. ತಳದಲ್ಲಿ ಗುಳಿ ಬಿದ್ದು ತೂತಾಗಿದ್ದರೆ ಅದು ಆಮ್ಲ ಮಾಡಿದ ಕೆಲಸ. ಆ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ತೊಳೆದ ಟ್ಯಾಂಕಿನಲ್ಲೂ ಆವಿ ಇರುತ್ತದೆ, ಬೆಂಕಿ ಮುಟ್ಟಿದರೆ ಬಾಂಬೇ.

ಒಣಗಿಸುವುದನ್ನು ನಾನು ಎರಡು ದಿನ ಮಾಡಿದೆ: ಬಾಯಿ ಕೆಳಗಾಗಿ ಬಿಸಿಲಿಗಿಟ್ಟು, ಮಧ್ಯೆ ಬ್ಲೋವರಿನಲ್ಲಿ ಗಾಳಿ ಕೊಟ್ಟು. ಯಾವ ನೀರಿಗಾಗಿ ಇಷ್ಟೆಲ್ಲ ಪಡಿಪಾಟಲೋ ಅದನ್ನೇ ಒಳಗೆ ಬಿಟ್ಟು ಮುಚ್ಚುವುದರಲ್ಲಿ ಅರ್ಥವಿಲ್ಲ. ಒಣಗಿದ ಮೇಲೆ ಎರಡು ಲೀಟರ್ ಹೊಸ ಡೀಸೆಲ್ ಹಾಕಿ ಕುಲುಕಿ ಚೆಲ್ಲಿದ ನಂತರವೇ ಏರಿಸಿದ್ದು. ಪೆಟ್ರೋಲಿನಲ್ಲಿ ತೊಳೆಯಿರಿ ಎನ್ನುವವರು ಸಿಗುತ್ತಾರೆ. ಕೇಳಬೇಡಿ.

ಒಳಗಿನ ಜಾಲರಿಯನ್ನು ಟೂತ್‌ಬ್ರಷ್‌ನಲ್ಲಿ ಉಜ್ಜಿ. ಪೈಪುಗಳನ್ನು ಎರಡೂ ತುದಿ ಬಿಚ್ಚಿ, ಎಂಜಿನ್ ಕಡೆಯಿಂದ ಟ್ಯಾಂಕಿನ ಕಡೆಗೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಹದವಾಗಿ ಹೊಡೆಯಿರಿ. ಪಂಪಿನ ಮೂಲಕ ಗಾಳಿ ಹೊಡೆಯಬಾರದು. ನನ್ನ ವಾಪಸ್ ಪೈಪಿನಿಂದ ನಶ್ಯದ ಡಬ್ಬಿಯಷ್ಟು ಕಂದು ಲೋಳೆ ಪಚಕ್ಕನೆ ಬಂದು ಗೋಡೆಗೆ ಬಿತ್ತು, ಗುರುತು ಇನ್ನೂ ಇದೆ.

ಇನ್ನು ಫಿಲ್ಟರ್. ಹೊಸ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ತುಂಬಿ ಹಾಕುವುದು ನಮ್ಮ ಮೆಕ್ಯಾನಿಕ್‌ಗಳ ಹಳೇ ಅಭ್ಯಾಸ. ಹಳೇ ಎಂಜಿನ್‌ಗೆ ನಡೆಯುತ್ತಿತ್ತು. ಕಾಮನ್ ರೈಲಿನ ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್. ನಡುವಿನ ತೂತಿಗೆ ಸುರಿದ ಡೀಸೆಲ್ ಸೋಸದೆಯೇ ಅಲ್ಲಿಗೆ ಹೋಗುತ್ತದೆ. ಫಿಲ್ಟರನ್ನು ಖಾಲಿಯಾಗಿಯೇ ಕೂರಿಸಿ, ಕೈ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ತುಂಬಿಸಿ.

ಮದ್ದು, ಮತ್ತು ಮದ್ದಲ್ಲದ್ದು

ಈ ಜೀವಿಗಳನ್ನು ಕೊಲ್ಲುವ ಮದ್ದನ್ನು ಡೀಸೆಲ್ ಬಯೋಸೈಡ್ ಎಂದು ಕೇಳಿ ತೆಗೆದುಕೊಳ್ಳಿ. ಬರಿಯ ಇಂಜೆಕ್ಟರ್ ಕ್ಲೀನರ್, ಮೈಲೇಜ್ ಹೆಚ್ಚಿಸುವ ದ್ರವ ಇವೆಲ್ಲ ಬಯೋಸೈಡ್ ಅಲ್ಲ. ಡೀಸೆಲ್‌ನಲ್ಲೂ ನೀರಿನಲ್ಲೂ ಎರಡರಲ್ಲೂ ಹರಡುವಂಥದ್ದು ಬೇಕು, ಏಕೆಂದರೆ ಶತ್ರು ಕೂತಿರುವುದು ಎರಡರ ನಡುವೆ. ಪೇಟೆಯ ಆಟೊಮೊಬೈಲ್ ಅಂಗಡಿಯಲ್ಲಿ ಸಿಗದಿದ್ದರೆ ಬೋಟ್ ಎಂಜಿನ್ ಅಥವಾ ಜನರೇಟರ್ ಸಾಮಾನು ಮಾರುವವರನ್ನು ವಿಚಾರಿಸಿ. ತಿಂಗಳುಗಟ್ಟಲೆ ನಿಂತ ಡೀಸೆಲ್‌ನ ಜೊತೆ ಏಗುವುದು ಅವರ ದಿನನಿತ್ಯದ ಪಾಡು.

ಲೇಬಲ್ಲಿನಲ್ಲಿ ಎರಡು ಪ್ರಮಾಣ ಇರುತ್ತದೆ: ಸೋಂಕು ಹಿಡಿದಾಗಿನ ದೊಡ್ಡ ಡೋಸು, ಬಾರದಂತೆ ನೋಡಿಕೊಳ್ಳುವ ಸಣ್ಣ ಡೋಸು. ಲೀಟರಿಗೆ 1 ಮಿಲಿ ಎಂದಿದ್ದರೆ 50 ಲೀಟರಿಗೆ 50 ಮಿಲಿ, ಅಷ್ಟೆ. ದನಕ್ಕೆ ಔಷಧ ಕೊಡುವ ದೊಡ್ಡ ಸಿರಿಂಜಿನಲ್ಲಿ ಅಳೆದೆ. ‘ಒಂದು ಮುಚ್ಚಳ ಜಾಸ್ತಿಯೇ ಇರಲಿ’ ಎಂಬ ಧಾರಾಳತನ ಇಲ್ಲಿ ಬೇಡ. 2020ರ ಫೆಬ್ರುವರಿಯಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಿಂದ ಹಾರಿದ ಒಂದು ಏರ್‌ಬಸ್ ಎ321 ವಿಮಾನದ ಎರಡೂ ಎಂಜಿನ್ ತೊಂದರೆ ಕೊಟ್ಟು ಅದು ಕೂಡಲೇ ವಾಪಸ್ ಇಳಿಯಬೇಕಾಯಿತು. ಟ್ಯಾಂಕಿಗೆ ಹಾಕಿದ ಬಯೋಸೈಡ್ ಹೇಳಿದ್ದಕ್ಕಿಂತ ಸುಮಾರು 38 ಪಟ್ಟು ಹೆಚ್ಚಾಗಿತ್ತು. ಲೆಕ್ಕ ತಪ್ಪಿದ್ದು ಅಷ್ಟೆ.

ಮದ್ದನ್ನು ಮೊದಲು ಹಾಕಿ, ಮೇಲೆ ಟ್ಯಾಂಕ್ ಭರ್ತಿ ಡೀಸೆಲ್ ಹಾಕಿ. ಸುರಿಯುವ ರಭಸಕ್ಕೆ ಬೆರೆಯುತ್ತದೆ, ಮೇಲಿನ ಗೋಡೆಗಳಿಗೂ ತಾಗುತ್ತದೆ. ಹತ್ತು ನಿಮಿಷ ಎಂಜಿನ್ ಓಡಿಸಿ, ಪೈಪು ಫಿಲ್ಟರಿಗೆಲ್ಲ ತಲುಪಲಿ. ಆಮೇಲೆ ಲೇಬಲ್ ಹೇಳಿದಷ್ಟು ಹೊತ್ತು ಗಾಡಿ ಮುಟ್ಟಬೇಡಿ. ನಾನು ಎರಡು ರಾತ್ರಿ ಬಿಟ್ಟೆ.

ನಮ್ಮ ಕಡೆ ಇನ್ನೊಂದು ಸಲಹೆ ಬಂತು, ಅದೂ ಅನುಭವಸ್ಥ ತೋಟಗಾರರಿಂದ. ‘ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ಹೊಡೆಯುತ್ತೀಯಲ್ಲ, ಒಂದು ಚಿಟಿಕೆ ಮೈಲುತುತ್ತ ಟ್ಯಾಂಕಿಗೂ ಹಾಕು.’ ಕೇಳಲು ತರ್ಕ ಸರಿಯಿದೆ. ಆದರೆ ಮೈಲುತುತ್ತ ತಾಮ್ರದ ಲವಣ, ಡೀಸೆಲ್‌ನಲ್ಲಿ ಕರಗುವುದಿಲ್ಲ, ತಳದ ನೀರಿಗಿಳಿದು ಟ್ಯಾಂಕಿನ ಕಬ್ಬಿಣವನ್ನು ತಿನ್ನುತ್ತದೆ. ಹಳೇ ಕತ್ತಿಯನ್ನು ಬೋರ್ಡೋ ತುತ್ತದ ನೀರಿಗೆ ಅದ್ದಿ ನೋಡಿದವರಿಗೆ ಆ ಕೆಂಪು ಲೇಪ ಗೊತ್ತು. ಜೊತೆಗೆ ತಾಮ್ರ ಡೀಸೆಲ್ಲನ್ನೂ ಬೇಗ ಹಳಸುತ್ತದೆ. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಸ್ಪಿರಿಟ್ ಯಾವುದೂ ಬೇಡ.

ಆಮೇಲಿನ 500 ಕಿಲೋಮೀಟರ್

ಎರಡು ಹೊಸ ಫಿಲ್ಟರ್, ಅದನ್ನು ಬಿಚ್ಚುವ ಬೆಲ್ಟ್ ಸ್ಪ್ಯಾನರ್, ಒಂದು ಜಾಡಿ, ಹಳೆ ಬಟ್ಟೆ ಗಾಡಿಯಲ್ಲೇ ಇರಲಿ. ಘಾಟಿಯಲ್ಲಿ ಭಾರ ಹೇರಿಕೊಂಡು ಹೋಗುವ ಬಾಡಿಗೆ ಈ ವಾರ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ನೀರಿನ ದೀಪ ಹತ್ತಿದರೆ ಊರು ತಲುಪಲಿ ಎಂದು ಕಾಯದೆ ಅಲ್ಲೇ ನಿಲ್ಲಿಸಿ ನೀರು ಬಿಡಿ. 200ರಿಂದ 300 ಕಿಲೋಮೀಟರಿಗೆ ಫಿಲ್ಟರ್ ಬಿಚ್ಚಿ, ಕೊಯ್ದು ನೋಡಿ. ಮಡಿಕೆಗಳು ಸ್ವಲ್ಪ ಕಂದಾಗಿ, ಲೋಳೆ ಇಲ್ಲದಿದ್ದರೆ ಗೆದ್ದಿರಿ.

ತೆಗೆದ ಡೀಸೆಲ್‌ನ ಮೇಲೆ ಎಲ್ಲರಿಗೂ ಆಸೆ. ಸೋಸಿ ಪಂಪ್‌ಸೆಟ್ಟಿಗೆ ಹಾಕೋಣ ಅನ್ನಿಸುತ್ತದೆ. ಸೋಸಿದರೂ ಬೂಷ್ಟಿನ ಬೀಜ ಉಳಿಯುತ್ತದೆ, ಪಂಪ್‌ಸೆಟ್ಟಿಗೂ ಹಬ್ಬುತ್ತದೆ. ನನ್ನ 28 ಲೀಟರನ್ನು ಮನಸ್ಸು ಗಟ್ಟಿ ಮಾಡಿಕೊಂಡು ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಟ್ಟೆ. ಟ್ಯಾಂಕ್ ತೊಳೆದ ನೀರನ್ನೂ ಕ್ಯಾನಿನಲ್ಲಿ ಹಿಡಿದು ಅಲ್ಲಿಗೇ ಒಯ್ದೆ. ತೋಟದ ಕಪ್ಪಿಗೆ (ನೀರು ಹರಿದು ಹೋಗುವ ಕಾಲುವೆಗೆ) ಬಿಟ್ಟರೆ ಅದು ಹೋಗಿ ಸೇರುವುದು ಕೆಳಗಿನ ಮನೆಯ ಬಾವಿಗೆ.

ನೀರು ಬಂದದ್ದು ಎಲ್ಲಿಂದ

ಇದನ್ನು ಹುಡುಕದಿದ್ದರೆ ಮುಂದಿನ ವರ್ಷ ಮತ್ತೆ ಇದೇ. ಅರ್ಧ ಖಾಲಿ ಟ್ಯಾಂಕು ಹಗಲು ರಾತ್ರಿ ಉಸಿರಾಡುತ್ತದೆ, ಮಳೆಗಾಲದ ಹಸಿ ಗಾಳಿಯ ಹನಿ ಒಳಗೆ ಕೂರುತ್ತದೆ, ಅದು ನಿಜ. ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಭರ್ತಿ ಮಾಡಿ ನಿಲ್ಲಿಸಿ. ಆದರೆ ಎರಡು ಬೆರಳು ನೀರು ಬರಿಯ ಗಾಳಿಯಿಂದ ಬರುವುದಿಲ್ಲ. ನಾನು ಮೊದಲು ಟ್ಯಾಂಕಿನ ಮುಚ್ಚಳದ ರಬ್ಬರ್ ನೋಡಿದೆ, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಬದಲಿಸಿದೆ. ಬಂಕ್ ಮೇಲೆ ಅನುಮಾನ ಪಟ್ಟು ಒಂದು ದಿನ ಕೆಟ್ಟ ಮಾತನ್ನೂ ಆಡಿದೆ. ಬಂಕಿನವರು ಅಳತೆ ಕೋಲಿಗೆ ನೀರು ತೋರಿಸುವ ಪೇಸ್ಟ್ ಹಚ್ಚಿ ನನ್ನೆದುರೇ ಇಳಿಸಿ ತೋರಿಸಿದರು, ಬಣ್ಣ ಬದಲಾಗಲಿಲ್ಲ. ಟ್ಯಾಂಕರ್ ಲಾರಿ ಇಳಿಸುತ್ತಿರುವ ಹೊತ್ತಿನಲ್ಲಿ ಮಾತ್ರ ಹಾಕಿಸಿಕೊಳ್ಳಬೇಡಿ, ತಳದ ಕಸ ನೀರು ಎಲ್ಲ ಕದಡಿರುತ್ತದೆ.

ಕೊನೆಗೆ ಸಿಕ್ಕಿದ್ದು ನಮ್ಮ ಅಂಗಳದಲ್ಲೇ. ಟಿಲ್ಲರಿಗೆಂದು ಬ್ಯಾರೆಲಿನಲ್ಲಿ ಇಟ್ಟಿದ್ದ ಡೀಸೆಲ್, ಅದರಿಂದಲೇ ಜೀಪಿಗೂ ಹಾಕುತ್ತಿದ್ದೆ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ತಲೆ ಒಂದು ತಟ್ಟೆಯಿದ್ದಂತೆ, ಮಳೆ ನೀರು ಬಿರಡೆಯ ಸುತ್ತ ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಸಂಜೆ ತಣ್ಣಗಾದಾಗ ಕುಗ್ಗಿ ಎಳೆದುಕೊಳ್ಳುತ್ತದೆ. ಬಿರಡೆ ಗಟ್ಟಿ ಇದೆ ಎಂದು ನಮಗನ್ನಿಸಿದರೂ ಗಾಳಿಯ ಜೊತೆ ಅಲ್ಲಿ ನಿಂತ ನೀರೂ ಎಳೆಗಟ್ಟಿ ಇಳಿಯುತ್ತದೆ. ಈಗ ಬ್ಯಾರೆಲನ್ನು ಮಾಡಿನಡಿ ಅಡ್ಡ ಮಲಗಿಸಿದ್ದೇನೆ, ಎರಡು ಬಿರಡೆಗಳು ಗಡಿಯಾರದ ಮೂರು ಮತ್ತು ಒಂಬತ್ತರ ಕಡೆಗೆ ಇರುವ ಹಾಗೆ, ಎರಡೂ ಡೀಸೆಲ್‌ನಲ್ಲಿ ಮುಳುಗಿರುತ್ತವೆ. ಅದು ಅರ್ಧಕ್ಕಿಂತ ಕಡಿಮೆಯಾದರೆ ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡುತ್ತೇನೆ. ಹಾಗೆ ಮಲಗಿಸಲು ಜಾಗವಿಲ್ಲದವರು ನಿಲ್ಲಿಸಿದ ಬ್ಯಾರೆಲಿಗೇ ಒಂದು ಕಡೆ ಹಲಗೆ ಕೊಟ್ಟು ಓರೆ ಮಾಡಿ. ನೀರು ಬಿರಡೆಯ ಬಳಿ ನಿಲ್ಲದೆ ಇನ್ನೊಂದು ಅಂಚಿಗೆ ಹೋದರೆ ಆಯಿತು.

ಮಳೆಗಾಲದ ಪ್ರತಿ ತಿಂಗಳ ಮೊದಲ ಭಾನುವಾರ ಜಾಡಿ ಹಿಡಿದು ಫಿಲ್ಟರಿನ ತಿರುಪು ಸಡಿಲಿಸುತ್ತೇನೆ. ಈ ಸಲ ಜುಲೈನಲ್ಲಿ ಎರಡು ಚಮಚ ನೀರು ಬಂತು. ಆಗಸ್ಟಿನಲ್ಲಿ ಬರಿಯ ಡೀಸೆಲ್.